ಕೆರೆಯ ಫ್ಲೈ ಬೇರೆ, ಕಡಲಿನ ಫ್ಲೈ ಬೇರೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಫ್ಲೈ ಫಿಶಿಂಗ್ ಬಗ್ಗೆ ಬಂದ ಬರಹವನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದಿದೆವು. ಗಾಳ ಹಾಕುವವರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದರಲ್ಲ ಎಂದು ನನಗೆ ನಿಜವಾಗಿಯೂ ಖುಷಿಯಾಯಿತು. ಆದರೆ ಅದರಲ್ಲಿದ್ದ ಒಂದು ಮಾತನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪಲಿಲ್ಲ. ಆನ್‌ಲೈನಿನಲ್ಲಿ ಸಿಗುವ ಬಗೆಬಗೆಯ ಫ್ಲೈಗಳ ಒಂದು ಡಬ್ಬಿ ತರಿಸಿಕೊಂಡರೆ ಕೆರೆ, ಹೊಳೆ, ಸಮುದ್ರ ಮೂರಕ್ಕೂ ಸಾಕು ಎಂದು ಬರೆದಿದ್ದರು. ಸಾಕಾಗುವುದಿಲ್ಲ. ಆ ಮಾತು ನಂಬಿ ನಮ್ಮ ಜಿಲ್ಲೆಯ ಹುಡುಗರು ದುಡ್ಡು ಹಾಳುಮಾಡಿಕೊಂಡು, ಮೀನು ಸಿಗದೆ ಕೋಲನ್ನು ಅಟ್ಟಕ್ಕೆ ಎಸೆಯುವುದು ಬೇಡ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಹರಿಹರದವಳು. ಸೀರೆ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕಸುಬು. ನನ್ನ ಅಣ್ಣ ಹೊನ್ನಾವರದಲ್ಲಿ ನೌಕರಿಯಲ್ಲಿದ್ದಾನೆ, ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಗಾಳ ಹಾಕುತ್ತಾನೆ. ಅವನ ಮಗ ನಮ್ಮ ಮನೆಯಲ್ಲಿದ್ದುಕೊಂಡು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ರಜೆ ಸಿಕ್ಕರೆ ತುಂಗಭದ್ರಾ ದಡ ಇಲ್ಲವೇ ಸೂಳೆಕೆರೆ. ಇಬ್ಬರಿಗೂ ಫ್ಲೈ ಕಟ್ಟಿಕೊಡುವವಳು ನಾನು. ಅಪ್ಪನಿಗೆ ಉಪ್ಪುನೀರಿನದು, ಮಗನಿಗೆ ಸಿಹಿನೀರಿನದು. ಎರಡೂ ಒಂದೇ ಮೇಜಿನ ಮೇಲೆ, ಒಂದೇ ಕೈಯಲ್ಲಿ ಆಗುವುದರಿಂದ ಎಲ್ಲಿ ಬೇರೆಯಾಗುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಫ್ಲೈ ಎಂದರೇನು ಎಂದು ತಿಳಿಯದ ಓದುಗರಿಗೆ ಒಂದು ಮಾತು. ಕೊಕ್ಕೆಗೆ ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಚುಚ್ಚುವ ಬದಲು, ಕೊಕ್ಕೆಯ ಮೇಲೆಯೇ ಗರಿ, ಉಣ್ಣೆ, ಕೂದಲು, ದಾರ, ಜರಿ ಬಿಗಿದು ಅದನ್ನೇ ಹುಳವೋ ಮರಿಮೀನೋ ಸೀಗಡಿಯೋ ಆಗಿ ಕಾಣುವಂತೆ ಮಾಡುತ್ತಾರೆ. ಅದಕ್ಕೆ ಹೇಳಿಕೊಳ್ಳುವಂಥ ತೂಕವಿಲ್ಲ. ಹಾಗಾಗಿ ಅದನ್ನು ದೂರಕ್ಕೆ ಒಯ್ಯುವುದು ಕೋಲಿಗೆ ಕಟ್ಟಿದ ದಪ್ಪನೆಯ ಹಗ್ಗದಂಥ ದಾರದ ತೂಕ. ವಿದ್ಯೆ ಹಳೆಯದು. ಕ್ರಿ.ಶ. 200ರ ಸುಮಾರಿಗೆ ರೋಮಿನ ಈಲಿಯನ್ ಎಂಬಾತ, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳ ಬಳಿಯ ಎರಡು ಗರಿ ಕಟ್ಟಿ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ. ಅವರು ಕಟ್ಟುತ್ತಿದ್ದದ್ದು ತಮ್ಮ ಹೊಳೆಯ ಮೇಲೆ ಹಾರಾಡುತ್ತಿದ್ದ ಒಂದು ಹುಳದ ನಕಲನ್ನು. ನಿಜವಾದ ಹುಳ ಕೈ ತಾಗಿದರೆ ಬಣ್ಣ ಕಳೆದುಕೊಂಡು ಕೆಲಸಕ್ಕೆ ಬಾರದಂತಾಗುತ್ತಿತ್ತಂತೆ, ಅದಕ್ಕೇ ಉಣ್ಣೆ ಮತ್ತು ಗರಿ. ನಮ್ಮ ಕಡೆಗೂ ಇದು ಹೊಸತೇನಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಗಾಳದ ವಿನೋದಕ್ಕೇ ಒಂದು ಭಾಗವಿದೆ, ಯಾವ ಮೀನಿಗೆ ಯಾವ ಆಹಾರ ಎಂಬುದನ್ನು ಅದರಲ್ಲಿ ಬೇರೆಬೇರೆಯಾಗಿ ಹೇಳಿದೆ. ಅರಸನಿಗೂ ಎಲ್ಲ ಮೀನಿಗೆ ಒಂದೇ ಡಬ್ಬಿ ಸಾಲಲಿಲ್ಲ.

ನಮ್ಮ ಹುಡುಗ ತರಿಸಿಕೊಂಡ ಡಬ್ಬಿಯ ವಿಷಯ ಹೇಳುತ್ತೇನೆ. ಬಿಚ್ಚಿದಾಗ ಕಣ್ಣಿಗೆ ಹಬ್ಬವೇ ಆಗಿತ್ತು. ಆದರೆ ಅವುಗಳಲ್ಲಿ ಹೆಚ್ಚಿನವು ಟ್ರೌಟ್ ಮೀನಿನವು. ಟ್ರೌಟ್ ತಣ್ಣನೆಯ, ಹರಿಯುವ, ತಿಳಿನೀರಿನ ಮೀನು, ಆ ನೀರಿನಲ್ಲಿ ಹುಟ್ಟುವ ಸಣ್ಣ ಸಣ್ಣ ಹುಳಗಳನ್ನು ತಿಂದು ಬದುಕುವಂಥದ್ದು. ಬೇಸಿಗೆಯಲ್ಲಿ ಕಾದು, ಮಳೆಗಾಲದಲ್ಲಿ ಕೆಂಪಾಗುವ ನಮ್ಮ ಕೆರೆಗಳಲ್ಲಿ ಅದು ಎಲ್ಲಿಂದ ಬರಬೇಕು? ಹದಿನಾರು, ಹದಿನೆಂಟನೇ ನಂಬರಿನ ಕೊಕ್ಕೆಗಳು ಬೇರೆ. ಈ ನಂಬರು ದೊಡ್ಡದಾದಷ್ಟೂ ಕೊಕ್ಕೆ ಸಣ್ಣದಾಗುತ್ತದೆ, ಒಂದಕ್ಕೆ ಇಳಿದ ಮೇಲೆ 1/0, 2/0 ಎಂದು ಮತ್ತೆ ದೊಡ್ಡದಾಗುತ್ತಾ ಹೋಗುತ್ತದೆ. ಹದಿನೆಂಟನೇ ನಂಬರಿನ ಕೊಕ್ಕೆಯನ್ನು ಕೊರವ ಮೀನಿನ ಬಾಯಿಗೆ ಕೊಟ್ಟರೆ ಏನಾಗುತ್ತದೆ ಎಂದು ಸೂಳೆಕೆರೆಯ ಯಾವ ಬೆಸ್ತರ ಮಗುವನ್ನು ಕೇಳಿದರೂ ಹೇಳುತ್ತದೆ.

ಹಾಗಾದರೆ ಆರಿಸುವುದು ಹೇಗೆ? ನನ್ನ ಪ್ರಕಾರ ಮೊದಲ ಪ್ರಶ್ನೆ ಒಂದೇ: ಈ ನೀರಿನಲ್ಲಿ, ಈ ತಿಂಗಳಲ್ಲಿ, ಈ ಮೀನು ಏನು ತಿನ್ನುತ್ತಿದೆ? ಫ್ಲೈಯ ಹೆಸರು, ಬೆಲೆ ಎಲ್ಲ ಆಮೇಲೆ.

ನಮ್ಮ ಕೆರೆಯ ಮೀನುಗಳನ್ನೇ ನೋಡಿ. ಕಾಟ್ಲಾದ ಬಾಯಿ ಮೇಲ್ಮುಖ, ನೀರಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸಿಕೊಂಡು ತಿನ್ನುತ್ತದೆ. ಅದು ಫ್ಲೈಗೆ ಬೀಳುವುದು ಅಪರೂಪ, ಅದರ ಹಿಂದೆ ಬಿದ್ದು ದಿನ ಕಳೆಯಬೇಡಿ ಎಂದೇ ನಾನು ಹೇಳುವುದು. ಮೃಗಾಲ್ ತಳದ ಕೊಳೆತ ಕಸ ತಿನ್ನುವಂಥದ್ದು, ಅದೂ ಬೇಡ. ಆದರೆ ಸಾಮಾನ್ಯ ಗೆಂಡೆ ಇದೆಯಲ್ಲ, ಅದು ತಳದ ಕೆಸರನ್ನು ಮೂತಿಯಿಂದ ಕೆದಕಿ ಹುಳ ಹುಡುಕುತ್ತದೆ. ಆ ಕೆಸರಿನಲ್ಲಿ ದಾರದೆಳೆಯಂಥ ಕೆಂಪು ಹುಳಗಳಿರುತ್ತವೆ. ಆಮ್ಲಜನಕ ಕಡಿಮೆ ಇರುವಲ್ಲಿ ಬದುಕಲು ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್ ಇರುತ್ತದೆ, ಆ ಕೆಂಪು ಅದರದ್ದು. ಆದ್ದರಿಂದ ಗೆಂಡೆಗೆ ನಾನು ಕಟ್ಟುವುದು ಹತ್ತು ಅಥವಾ ಹನ್ನೆರಡನೇ ನಂಬರಿನ ಕೊಕ್ಕೆಗೆ ಕೆಂಪು ದಾರದ ಸಣ್ಣ ಮೈ, ಮುಂದೆ ಎರಡು ಸುತ್ತು ಕಪ್ಪು ಉಣ್ಣೆ, ತಳಕ್ಕಿಳಿಯಲು ಒಂದು ಮಣಿ. ಅದನ್ನು ಎಳೆದಾಡಬಾರದು, ಗೆಂಡೆಯ ಮೂತಿಯ ಮುಂದೆ ಬಿದ್ದಿರಲು ಬಿಡಬೇಕು. ಜಿಲೇಬಿ ಮೀನಿಗೂ ಇದೇ ಅಳತೆಯ ಪಾಚಿ ಹಸಿರಿನದು ನಡೆಯುತ್ತದೆ.

ಮುಂಗಾರಿನ ಮೊದಲ ಒಳ್ಳೆಯ ಮಳೆ ಬಿದ್ದಾಗ ಮಾತ್ರ ಲೆಕ್ಕವೆಲ್ಲ ಬದಲು. ಹುತ್ತದಿಂದ ಈಸಲು ಹುಳ ಏಳುತ್ತವೆ, ಬೀದಿ ದೀಪಕ್ಕೆ ಮುತ್ತುತ್ತವೆ, ಕೆರೆಯ ಮೇಲೂ ಉದುರುತ್ತವೆ. ಆ ಹೊತ್ತಿಗೆ ತಳದ ಮೀನೂ ಮೇಲೆ ಬಂದು ಬಾಯಿ ತೆರೆಯುತ್ತದೆ. ಆಗ ಬೇಕಾದದ್ದು ತೇಲುವ ಫ್ಲೈ. ಕಂದು ದಾರದ ಮೈ, ಸೊಂಟ ಸಣ್ಣ ಮಾಡದೆ ಉದ್ದಕ್ಕೂ ಒಂದೇ ಸಮ, ಬೆನ್ನ ಮೇಲೆ ಮಾಸಲು ಬಿಳಿಯ ಎರಡು ಗರಿ. ತೇಲಬೇಕಾದರೆ ಹುಂಜದ ಕತ್ತಿನ ಗರಿಯೇ ಬೇಕು, ಕೋಳಿ ಅಂಗಡಿಯ ಬ್ರಾಯ್ಲರ್ ಗರಿ ಆಗುವುದಿಲ್ಲ. ಬ್ರಾಯ್ಲರನ್ನು ಆರು ವಾರಕ್ಕೆಲ್ಲ ಕಡಿಯುತ್ತಾರೆ, ಗರಿ ಬಲಿತಿರುವುದೇ ಇಲ್ಲ, ನೀರು ಕುಡಿದು ಮುದ್ದೆಯಾಗುತ್ತದೆ. ವರ್ಷ ದಾಟಿದ ನಾಟಿ ಹುಂಜದ ಕತ್ತಿನ ಗರಿಯ ಎಳೆಗಳು ಬಿರುಸಾಗಿದ್ದು, ಕೊಕ್ಕೆಗೆ ಸುತ್ತಿದಾಗ ನೀರಿನ ಮೇಲೆ ಕಾಲೂರಿ ನಿಲ್ಲುತ್ತವೆ. ಹೇಟೆಯ ಗರಿ ಮೆತ್ತಗೆ, ಅದು ಮುಳುಗುವ ಫ್ಲೈಗೆ ಸರಿ. ಈ ಈಸಲು ಹುಳದ ಫ್ಲೈ ನಾನು ನೋಡಿದ ಯಾವ ಡಬ್ಬಿಯಲ್ಲಿಯೂ ಇರಲಿಲ್ಲ. ನಮ್ಮ ಹುಡುಗ ಅದೊಂದನ್ನೇ ಹಿಡಿದು ಹೋದ ಸಂಜೆ, ‘ಅತ್ತೆ, ಇನ್ನೂ ಇಂಥವೇ ಕಟ್ಟಿಡು, ಎಲ್ಲ ಹರಿದು ಹೋದವು’ ಎಂದು ಕೆರೆ ದಡದಿಂದಲೇ ಫೋನ್ ಮಾಡಿದ.

ಕೊರವದ ಮಾತು ಇನ್ನೊಂದು. ಅದು ಬೇಟೆಗಾರ ಮೀನು. ಜೊಂಡು, ತಾವರೆ ಎಲೆಗಳ ನೆರಳಲ್ಲಿ ಕಾದಿದ್ದು ಕಪ್ಪೆ, ಮರಿಮೀನುಗಳ ಮೇಲೆ ಎರಗುತ್ತದೆ. ಅದಕ್ಕೆ ಹಳೆಯ ಹವಾಯಿ ಚಪ್ಪಲಿಯ ರಬ್ಬರಿನಿಂದ ಸಣ್ಣ ಕಪ್ಪೆಯ ತಲೆ ಕೊಯ್ದು, ಹಿಂದೆ ಮೇಕೆಯ ಬಾಲದ ಕೂದಲಿನಿಂದ ಎರಡು ಕಾಲು ಕಟ್ಟುತ್ತೇನೆ. ಕೊಕ್ಕೆಯ ಮೊನೆಗೆ ಅಡ್ಡವಾಗಿ ಗಟ್ಟಿ ನೈಲಾನ್ ದಾರದ ಒಂದು ಬಿಲ್ಲು ಬಿಗಿಯಲೇಬೇಕು, ಇಲ್ಲದಿದ್ದರೆ ಪ್ರತಿ ಎಸೆತಕ್ಕೂ ಜೊಂಡು ಸಿಕ್ಕಿಕೊಳ್ಳುತ್ತದೆ. ಮಾರಿಕಣಿವೆ ತುಂಬಿ ಹಿನ್ನೀರಿನ ಅಂಚಿನ ಗಿಡಗಂಟಿ ಮುಳುಗಿದಾಗಲೂ ಇಂಥ ಬಿಲ್ಲು ಇಲ್ಲದ ಫ್ಲೈ ಒಯ್ಯಬೇಡಿ.

ಇಲ್ಲಿ ಒಂದು ಬೇಡಿಕೆಯನ್ನು ಎಲ್ಲ ಗಾಳದವರ ಮುಂದಿಡುತ್ತೇನೆ. ಮಳೆಗಾಲದಲ್ಲಿ ಕೊರವ ಮರಿ ಮಾಡಿದಾಗ, ಕೆಂಪಗಿನ ಮರಿಗಳು ಗುಂಪುಗುಂಪಾಗಿ ನೀರಿನ ಮೇಲೆ ಗುಳ್ಳೆಯೆಬ್ಬಿಸುತ್ತಾ ಹೋಗುವುದು ಕಾಣುತ್ತದೆ. ಅದರ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆ ಗುಂಪಿನ ನಡುವೆ ಏನು ಹಾಕಿದರೂ ಅವು ಸಿಟ್ಟಿನಿಂದ ಕಚ್ಚುತ್ತವೆ, ಹಸಿವಿನಿಂದಲ್ಲ. ಹಾಗೆ ಹಿಡಿದ ಮೀನಿನ ಫೋಟೊಗಳನ್ನು ಮೊಬೈಲಿನಲ್ಲಿ ಹಂಚಿಕೊಂಡು ಮೆರೆಯುವವರನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಕಾವಲು ಹೋದ ಮರಿಗಳನ್ನು ಉಳಿದ ಮೀನುಗಳು ಒಂದೂ ಬಿಡದೆ ನುಂಗುತ್ತವೆ. ಮರಿಗಳ ಗುಂಪು ಕಂಡರೆ ದಾರ ಸುತ್ತಿಕೊಂಡು ಬೇರೆ ಕಡೆ ನಡೆಯಿರಿ. ನಮ್ಮ ಮನೆಯ ಹುಡುಗನಿಗೆ ಇದೇ ಷರತ್ತಿನ ಮೇಲೆ ನಾನು ಫ್ಲೈ ಕಟ್ಟಿಕೊಡುವುದು.

ಈಗ ಕಡಲಿನ ಕಡೆ ಬರುತ್ತೇನೆ. ಉಪ್ಪುನೀರಿನಲ್ಲಿ ಹುಳದ ನಕಲಿಗೆ ಹೆಚ್ಚು ಕೆಲಸವಿಲ್ಲ. ಅಲ್ಲಿ ಗಾಳಕ್ಕೆ ಬೀಳುವ ಮೀನುಗಳು ತಿನ್ನುವುದು ಸಣ್ಣ ಮೀನು, ಸೀಗಡಿ, ಏಡಿ. ತಾರ್ಲೆ, ಅಂದರೆ ಬೂತಾಯಿ ಮೀನನ್ನು ನೋಡಿ, ಬೆನ್ನು ಹಸಿರುಗಪ್ಪು, ಪಕ್ಕೆ ಬೆಳ್ಳಿ, ಹೊಟ್ಟೆ ಬಿಳಿ. ಕಡಲಿನ ಫ್ಲೈಗಳಲ್ಲಿ ಹೆಚ್ಚಿನವು ಇದೇ ಲೆಕ್ಕದಲ್ಲಿರುತ್ತವೆ: ಮೇಲೆ ಗಾಢ ಬಣ್ಣ, ಕೆಳಗೆ ಬಿಳಿ, ನಡುವೆ ನಾಲ್ಕು ಎಳೆ ಮಿಂಚು. ಅಮೆರಿಕದ ಲೆಫ್ಟಿ ಕ್ರೆ ಎಂಬ ಹೆಸರಾಂತ ಗಾಳದವರು ಚೆಸಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್ ಮೀನಿಗೆಂದು ಕಟ್ಟಿದ ‘ಡಿಸೀವರ್’ ಇಂಥದ್ದೇ. ಉದ್ದನೆಯ ಗರಿಗಳನ್ನು ಕೊಕ್ಕೆಯ ಹಿಂತುದಿಯಲ್ಲಿ ಕಟ್ಟಿ, ಮುಂದೆ ಕೂದಲಿನ ಕೊರಳಪಟ್ಟಿ ಹಾಕಿದ್ದಾರೆ. ಆ ಕಟ್ಟುವಿಕೆಯಲ್ಲಿ ಒಂದು ಜಾಣತನವಿದೆ. ಉದ್ದನೆಯ ಗರಿಯನ್ನು ಮುಂದೆ ಕಟ್ಟಿದರೆ ಎಸೆಯುವಾಗ ಅದು ಕೊಕ್ಕೆಯ ಬಾಗಿಗೆ ಸುತ್ತಿಕೊಳ್ಳುತ್ತದೆ, ಹಿಂದೆ ಕಟ್ಟಿದರೆ ಆ ತೊಂದರೆ ಇಲ್ಲ. ಎಳೆ ಎಳೆಗೂ ಗಂಟು ಹಾಕಿ ಬದುಕುವ ನನ್ನಂಥವಳಿಗೆ ಅದನ್ನು ಮೊದಲ ಸಲ ಬಿಚ್ಚಿ ನೋಡಿದಾಗ ಕೈಮುಗಿಯಬೇಕು ಅನ್ನಿಸಿತು. 1991ರಲ್ಲಿ ಅಮೆರಿಕದ ಅಂಚೆ ಇಲಾಖೆ ಈ ಫ್ಲೈಯ ಚಿತ್ರದ ಅಂಚೆಚೀಟಿಯನ್ನೇ ತಂದಿತು.

ಕೆಲವು ಫ್ಲೈಗಳು ಎರಡೂ ನೀರಿಗೆ ಹೋಗುತ್ತವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪೆನ್ಸಿಲ್ವೇನಿಯದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸಸ್ಕ್ವೆಹಾನಾ ಎಂಬ ಸಿಹಿನೀರಿನ ಹೊಳೆಗೆ ಕಟ್ಟಿದ ‘ಕ್ಲೌಸರ್ ಮಿನ್ನೋ’ ಇವತ್ತು ಲೋಕದ ಎಲ್ಲ ಕಡಲುಗಳಲ್ಲೂ ಇದೆ. ಅದರಲ್ಲಿ ಭಾರದ ಜೋಡಿ ಕಣ್ಣನ್ನು ಕೊಕ್ಕೆಯ ಬೆನ್ನ ಮೇಲೆ ಕಟ್ಟುತ್ತಾರೆ. ಆ ಭಾರಕ್ಕೆ ಫ್ಲೈ ನೀರಿನಲ್ಲಿ ಮಗುಚಿ, ಮೊನೆ ಮೇಲಾಗಿ ಈಜುತ್ತದೆ, ತಳದ ಕಲ್ಲಿಗೂ ಬೇರಿಗೂ ಸಿಕ್ಕುವುದು ಕಡಿಮೆ. ಎಳೆದಾಗ ಏಳುತ್ತದೆ, ನಿಲ್ಲಿಸಿದಾಗ ತಲೆ ತಗ್ಗಿಸಿ ಇಳಿಯುತ್ತದೆ. ಆದರೆ ನಾನು ಮಗನಿಗೆ ಕಟ್ಟುವ ಕ್ಲೌಸರನ್ನು ಅಪ್ಪನಿಗೆ ಕಳಿಸುವುದಿಲ್ಲ. ಮಗನದು ಆರನೇ ನಂಬರಿನ ಕೊಕ್ಕೆ, ಕಣ್ಣಿಗೆ ಹಗುರ ಮಣಿಸರದ ಎರಡು ಮಣಿ. ಅಣ್ಣನದು 1/0 ಸ್ಟೇನ್‌ಲೆಸ್ ಕೊಕ್ಕೆ, ಅಳಿವೆಯ ಸೆಳೆತದಲ್ಲಿ ಇಳಿಯುವಷ್ಟು ಭಾರದ ಕಣ್ಣು. ಹೆಸರು ಒಂದೇ ಎಂದು ಅದಲುಬದಲು ಮಾಡಿದರೆ ಕೆರೆಯಲ್ಲಿ ಅಣ್ಣನದು ದೊಪ್ಪನೆ ಬಿದ್ದು ಮೀನನ್ನೆಲ್ಲ ಓಡಿಸುತ್ತದೆ, ಅಳಿವೆಯಲ್ಲಿ ಮಗನದು ಮೇಲೆಯೇ ತೇಲಿಕೊಂಡು ಹೋಗುತ್ತದೆ. ಕೋಲು, ದಾರದ ಮಾತೂ ಇದೆ. ದಾರದ ನಂಬರು ಕೊಕ್ಕೆಯದ್ದಕ್ಕೆ ತಿರುಗುಮುರುಗು, ದೊಡ್ಡದಾದಷ್ಟೂ ದಾರ ಭಾರ. ಐದನೇ ನಂಬರಿನ ದಾರ ಹನ್ನೆರಡನೇ ನಂಬರಿನ ಹುಳವನ್ನು ಹೂವಿನಂತೆ ಇಳಿಸುತ್ತದೆ, ಭಾರದ ಕಡಲ ಫ್ಲೈಯನ್ನು ಒಯ್ಯಲಾರದೆ ಎಸೆದವನ ಬೆನ್ನಿಗೇ ತಂದು ಹೊಡೆಯುತ್ತದೆ. ಅದಕ್ಕೆ ಎಂಟು, ಒಂಬತ್ತನೇ ನಂಬರು ಬೇಕು.

ಅಣ್ಣನಿಗೆ ಅಚ್ಚುಮೆಚ್ಚಿನದು ಕೆಂಬೇರಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ ಅಡಗಿರುತ್ತದೆ, ಕಚ್ಚಿದ ಮರುಗಳಿಗೆಗೇ ಬೇರಿನೊಳಕ್ಕೆ ಎಳೆಯುತ್ತದೆ. ಅದಕ್ಕೆ ಗಟ್ಟಿ ಕೊಕ್ಕೆ, ದಪ್ಪ ತುದಿದಾರ, ಮತ್ತು ಗಂಟಿನ ಮೇಲೆ ಅಂಟು ಹಾಕಿ ಗಟ್ಟಿಮಾಡಿದ ಫ್ಲೈ ಬೇಕು. ಮಳೆಗಾಲದಲ್ಲಿ ಘಟ್ಟದ ಕೆಂಪು ನೀರು ಇಳಿದಾಗ ಕಪ್ಪು, ಇಲ್ಲವೇ ಕಣ್ಣು ಕುಕ್ಕುವ ಹಳದಿ ಹಸಿರು. ನೀರು ತಿಳಿಯಾದ ಮೇಲೆ ಕಂದು, ತೆಳು ಗುಲಾಬಿ, ಸೀಗಡಿಯ ಬಣ್ಣ. ಹಗಲಿಡೀ ಬಣ್ಣಗಳ ನಡುವೆಯೇ ಇರುವ ನಾನು ಹೇಳುತ್ತಿದ್ದೇನೆ, ಬಣ್ಣವನ್ನು ಕೊನೆಗೆ ನೋಡಿ. ಮೊದಲು ಅಳತೆ, ಆಮೇಲೆ ಎಷ್ಟು ಆಳದಲ್ಲಿ ಈಜಬೇಕು, ಆಮೇಲೆ ಹೇಗೆ ಅಲುಗಬೇಕು. ಬಣ್ಣವನ್ನೂ ಒಣಗಿದ್ದಾಗ ನೋಡಿ ಆರಿಸಬಾರದು. ರೇಷ್ಮೆ ದಾರ ನೆನೆದರೆ ಒಂದು ಛಾಯೆ ಕಪ್ಪಾಗುತ್ತದೆ, ಲೋಟದ ನೀರಿನಲ್ಲಿ ಅದ್ದಿ ನೋಡಿಯೇ ನಾನು ಎತ್ತಿಡುವುದು.

ಉಪ್ಪಿನ ಕಾಟ ಬೇರೆ. ಸಿಹಿನೀರಿನ ಸಾಮಾನ್ಯ ಕೊಕ್ಕೆ ಕಡಲನ್ನು ಕಂಡರೆ ತುಕ್ಕು ಹಿಡಿಯಲು ತಡವಿಲ್ಲ, ಡಬ್ಬಿಯಲ್ಲಿ ಪಕ್ಕದಲ್ಲಿದ್ದವಕ್ಕೂ ಕಲೆ ಹತ್ತುತ್ತದೆ. ಮನೆಗೆ ಬಂದ ಕೂಡಲೇ ಫ್ಲೈಗಳನ್ನು ಸಿಹಿನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಬೇಕು. ಲೋಹದ ಜರಿಯೂ ಕಪ್ಪಾಗುತ್ತದೆ, ಕಡಲಿಗೆ ಪ್ಲಾಸ್ಟಿಕ್ ಜರಿ ಹಾಕಿ.

ಸಾಮಾನು ಹೊರದೇಶದಿಂದಲೇ ಬರಬೇಕು ಎಂದು ನಿಮ್ಮ ಬರಹಗಾರರು ಬರೆದದ್ದು ನನಗೆ ನೋವು ತಂದ ಇನ್ನೊಂದು ಮಾತು. ಒಳ್ಳೆಯ ಕೊಕ್ಕೆ ಹೊರಗಿನಿಂದ ಬರಲಿ, ಒಪ್ಪುತ್ತೇನೆ. ಉಳಿದದ್ದು? ಚಳ್ಳಕೆರೆ ಕಡೆಯ ಕುರುಬರು ಕಂಬಳಿಗೆ ನೂಲುವ ಕರಿಯ ಉಣ್ಣೆಗಿಂತ ಒಳ್ಳೆಯ ಉಣ್ಣೆಯನ್ನು ಮುಳುಗುವ ಫ್ಲೈಗೆ ನಾನು ಕಂಡಿಲ್ಲ. ಒರಟು, ಎಳೆಗಳು ಹೊರಚಾಚಿ ಹುಳದ ಕಾಲುಗಳಂತೆ ಅಲುಗುತ್ತವೆ, ನೀರು ಕುಡಿದು ತಾನೇ ಮುಳುಗುತ್ತದೆ. ಬಣ್ಣ ಹಾಕುವ ಗೋಜೂ ಇಲ್ಲ, ಕುರಿಯದೇ ಕಪ್ಪು. ರಸ್ಸೆಲ್ ಬ್ಲೆಸಿಂಗ್ 1967ರಲ್ಲಿ ಕಟ್ಟಿದ ‘ವೂಲಿ ಬಗ್ಗರ್’ ಎಂಬ ಫ್ಲೈ ಇವತ್ತು ಎಲ್ಲ ಡಬ್ಬಿಗಳಲ್ಲೂ ಇರುತ್ತದೆ. ಅದನ್ನು ಚಳ್ಳಕೆರೆ ಉಣ್ಣೆಯಲ್ಲಿ, ನಾಟಿ ಹುಂಜದ ಗರಿ ಸುತ್ತಿ ಕಟ್ಟಿ, ತುಂಗಭದ್ರಾದ ಮಡುಗಳಲ್ಲಿ ಎಳೆದು ನೋಡಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕುಚ್ಚಿನ ದಾರ, ಜರಿ, ಮಣಿ, ಮೇಕೆಯ ಕೂದಲು ಎಲ್ಲ ನಮ್ಮ ಪೇಟೆಯದ್ದೇ.

ಗರಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಹಳೆಯ ಇಂಗ್ಲಿಷ್ ಫ್ಲೈಗಳಲ್ಲಿ ನಮ್ಮ ಮಲೆನಾಡಿನ ಕಾಡುಕೋಳಿಯ ಕತ್ತಿನ ಗರಿಗೆ ಬಹಳ ಬೆಲೆ. ಆ ಗರಿಯ ಮೇಲೆ ಮೇಣದ ಹನಿ ಬಿದ್ದಂತಿರುವ ಚುಕ್ಕೆ ಮೀನಿನ ಕಣ್ಣಿನ ಹಾಗೆ ಕಾಣುತ್ತದೆ. ಆ ಗರಿಗಾಗಿಯೇ ಅವುಗಳನ್ನು ಹಿಡಿದು ಕೊಂದು ಹೊರಗೆ ಕಳಿಸಿದ ಕಾಲವಿತ್ತು. ಕಾಡುಕೋಳಿಗೂ ನವಿಲಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಜಿಂಕೆ ಬಾಲದ ಕೂದಲು ಬೇಕೆನ್ನುವ ಫ್ಲೈಗಳಿಗೂ ಇದೇ ಮಾತು, ಮೇಕೆಯ ಬಾಲದ ಕೂದಲು ಇರುವಾಗ ಕಾಡಿನ ಪ್ರಾಣಿಯ ಹಂಗೇಕೆ? ನವಿಲುಗರಿಯ ಎಳೆ ಬೇಕಾದ ಕಡೆ ನಾಟಿ ಹುಂಜದ ಬಾಲದ ಹಸಿರುಮಿಂಚಿನ ಕಪ್ಪು ಗರಿ ಹಾಕುತ್ತೇನೆ. ಇಂದಿನವರೆಗೆ ಯಾವ ಮೀನೂ ಅದಕ್ಕಾಗಿ ಬೇಡ ಎಂದದ್ದಿಲ್ಲ. ಯಾರಾದರೂ ಕಾಡುಕೋಳಿ ಗರಿ ತಂದುಕೊಡುತ್ತೇವೆ ಎಂದರೆ ದಯವಿಟ್ಟು ಕೊಳ್ಳಬೇಡಿ.

ಕೆರೆಗೆ ಇಳಿಯುವ ಮುನ್ನ ಅಲ್ಲಿಯ ಮೀನಿನ ಗುತ್ತಿಗೆ ಯಾರದ್ದು ಎಂದು ವಿಚಾರಿಸಿ, ಆ ಸಂಘದವರನ್ನೋ ಗುತ್ತಿಗೆದಾರರನ್ನೋ ಕೇಳಿಯೇ ದಾರ ಬಿಡಬೇಕು. ಅವರು ಮರಿ ಬಿಟ್ಟು ಸಾಕಿದ ಮೀನು ಅದು. ಕೇಳಿದವರಿಗೆ ಅವರು ಬರಿ ಒಪ್ಪಿಗೆ ಕೊಟ್ಟು ಕಳಿಸುವುದಿಲ್ಲ, ಯಾವ ತೂಬಿನ ಹತ್ತಿರ ಯಾವ ಮೀನು ಮೇಯುತ್ತಿದೆ ಎಂಬುದನ್ನೂ ಹೇಳುತ್ತಾರೆ. ನಾನು ಕಟ್ಟುವ ಫ್ಲೈಗಳಲ್ಲಿ ಅರ್ಧದಷ್ಟು ಬಂದಿರುವುದು ಅಂಥ ಮಾತುಗಳಿಂದ. ಸೂಳೆಕೆರೆಯ ಒಬ್ಬ ಹಿರಿಯರು ‘ಮೀನಿನ ಹೊಟ್ಟೆ ಕೊಯ್ದು ನೋಡವ್ವಾ, ಅದೇ ಹೇಳ್ತದೆ’ ಅಂದಿದ್ದರು. ಅಡುಗೆಗೆ ತಂದ ಪ್ರತಿ ಮೀನಿನ ಹೊಟ್ಟೆಯನ್ನೂ ಅಂದಿನಿಂದ ತಟ್ಟೆಯಲ್ಲಿ ಬಿಡಿಸಿ ನೋಡುತ್ತೇನೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಒಂದೇ ಡಬ್ಬಿ ಎಲ್ಲಕ್ಕೂ ಸಾಕು ಎಂಬ ಮಾತನ್ನು ಮುಂದಿನ ಪುರವಣಿಯಲ್ಲಿ ತಿದ್ದಿ ಹಾಕಿ. ಅದರ ಜೊತೆಗೆ ಸೂಳೆಕೆರೆ, ಮಾರಿಕಣಿವೆ, ತುಂಗಭದ್ರಾ ಈ ಮೂರು ನೀರುಗಳಲ್ಲಿ ಯಾವ ತಿಂಗಳು ಯಾವ ಮೀನು ಏನು ತಿನ್ನುತ್ತದೆ ಎಂದು ಅಲ್ಲಿಯ ಬೆಸ್ತರನ್ನೂ ಮೀನುಗಾರಿಕೆ ಇಲಾಖೆಯವರನ್ನೂ ಕೇಳಿ ಒಂದು ಪಟ್ಟಿ ಪ್ರಕಟಿಸಿ. ಕರಾವಳಿಯ ಆವೃತ್ತಿಯಲ್ಲಿ ಅಳಿವೆಗಳದ್ದು ಬೇರೆ ಪಟ್ಟಿ ಬರಲಿ, ಎರಡನ್ನೂ ಬೆರೆಸಬೇಡಿ. ಕೊಕ್ಕೆಯ ನಂಬರು, ದಾರದ ನಂಬರು ಅದರಲ್ಲಿರಲಿ. ಫೋಟೊಗೆ ಬೇಕಿದ್ದರೆ ಎರಡೂ ಬಗೆಯ ಫ್ಲೈಗಳನ್ನು ಕಟ್ಟಿ, ಕುಚ್ಚಿನ ಸೀರೆ ಕೊಡಲು ದಾವಣಗೆರೆಗೆ ಬರುವ ದಿನ ನಿಮ್ಮ ಕಚೇರಿಗೆ ತಂದುಕೊಡುತ್ತೇನೆ.

ವಂದನೆಗಳೊಂದಿಗೆ,
ಕುಚ್ಚು ಕಟ್ಟುವ ಒಬ್ಬ ಓದುಗಿ
ಹರಿಹರ, ದಾವಣಗೆರೆ ಜಿಲ್ಲೆ